ಕೈಗಡಿಯಾರಕ್ಕೆ ಎಡ-ಬಲಗಳ ಭೇದವೇಕೆ?

ಸ್ಮಾರ್ಟ್‌ವಾಚ್ ಕೊಳ್ಳಲು ಬಂದ ಗಿರಾಕಿಗೆ ನಮ್ಮ ಅಂಗಡಿಗಳಲ್ಲಿ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು. ಎಷ್ಟು ಬೆಲೆಯೊಳಗೆ ಬೇಕು, ಡಯಲ್ ದುಂಡಗಿರಬೇಕೋ ಚೌಕವಾಗಿರಬೇಕೋ, ಕರೆ ಮಾಡುವ ಸೌಲಭ್ಯ ಬೇಕೋ ಬೇಡವೋ. ಇಷ್ಟಾದ ಮೇಲೆ ಪೆಟ್ಟಿಗೆ ತೆರೆಯುತ್ತೇವೆ, ಗಡಿಯಾರವನ್ನು ಗಿರಾಕಿಯ ಎಡಗೈಗೆ ಕಟ್ಟಿ ತೋರಿಸುತ್ತೇವೆ, ಬಿಲ್ಲು ಬರೆಯುತ್ತೇವೆ. ‘ನೀವು ಯಾವ ಕೈಗೆ ಕಟ್ಟುತ್ತೀರಿ?’ ಎಂಬ ನಾಲ್ಕನೆಯ ಪ್ರಶ್ನೆಯನ್ನು ಕೇಳುವ ವರ್ತಕರು ವಿರಳ. ನಾನೂ ಹಲವು ವರ್ಷ ಕೇಳಿದವನಲ್ಲ. ಕೇಳದೆ ಮಾರಿದ ಎರಡು ಗಡಿಯಾರಗಳು ಒಂದೇ ತಿಂಗಳಿನಲ್ಲಿ ಹಿಂದಿರುಗಿ ಬಂದ ಮೇಲೆಯೇ ಈ ವಿಷಯದ ಕಡೆಗೆ ನನ್ನ ಗಮನ ಹರಿಯಿತು.

ಮೊದಲನೆಯದನ್ನು ಹಿಂದಿರುಗಿಸಿದವರು ಬ್ಯಾಂಕ್ ಉದ್ಯೋಗಿಯಾದ ಒಬ್ಬ ಮಹಿಳೆ. ಎಡಗೈಯಲ್ಲಿ ಬರೆಯುವವರಾದ್ದರಿಂದ ಗಡಿಯಾರವನ್ನು ಬಲಗೈಗೆ ಕಟ್ಟುವುದು ಅವರ ವಾಡಿಕೆ. ಗುಂಡಿ ಒತ್ತಲು ಹೋದರೆ ತಮ್ಮದೇ ಕೈ ಪರದೆಗೆ ಅಡ್ಡ ಬರುತ್ತದೆ, ಕೈ ಎತ್ತಿ ನೋಡಿದಾಗ ಪರದೆ ಬೆಳಗುವುದು ಒಮ್ಮೆ ಉಂಟು, ಒಮ್ಮೆ ಇಲ್ಲ ಎಂಬುದು ಅವರ ದೂರು. ಎರಡನೆಯವರು ವ್ಯಾಯಾಮಶಾಲೆಯ ಶಿಕ್ಷಕರು, ಬಲಗೈ ಬಳಕೆಯವರು, ಎಲ್ಲರಂತೆ ಎಡಗೈಗೆ ಕಟ್ಟುವವರು. ದಂಡ ಹೊಡೆಯುವಾಗ ಮುಂಗೈ ಹಿಂದಕ್ಕೆ ಬಾಗಿ ಗುಂಡಿಯನ್ನು ಅದುಮುತ್ತಿತ್ತು; ಅವರ ಗಡಿಯಾರ ಅವರ ಪತ್ನಿಗೆ ಮುಂಜಾನೆ ಐದೂವರೆಗೆ ತಾನಾಗಿಯೇ ಕರೆ ಮಾಡುತ್ತಿತ್ತು. ಗಡಿಯಾರವನ್ನು ತಿರುಗಿಸಿ ಕಟ್ಟಿಕೊಳ್ಳುವ ಸೌಲಭ್ಯ ಈ ಮಾದರಿಯಲ್ಲಿ ಇದೆಯೇ ಎಂದು ತಯಾರಕ ಸಂಸ್ಥೆಯ ಗ್ರಾಹಕ ಸೇವಾ ವಿಭಾಗವನ್ನು ವಿಚಾರಿಸಿದೆ. ‘ಅಂಥದ್ದಿಲ್ಲ, ಗ್ರಾಹಕರಿಗೆ ಎಡಗೈಗೆ ಕಟ್ಟಲು ಹೇಳಿ’ ಎಂಬ ಉತ್ತರ ಬಂದಿತು. ಎರಡನೆಯ ಗ್ರಾಹಕರು ಎಡಗೈಗೇ ಕಟ್ಟುತ್ತಿದ್ದಾರೆ ಎಂಬುದನ್ನು ಅವರು ಪೂರ್ಣ ಕೇಳಿಸಿಕೊಳ್ಳಲೇ ಇಲ್ಲ.

ಗುಂಡಿ ಬಲಬದಿಯಲ್ಲಿಯೇ ಏಕೆ ಇರುತ್ತದೆ ಎಂಬುದಕ್ಕೆ ಹಳೆಯ ಕಾರಣವೊಂದಿದೆ. ಕೀಲಿ ಕೊಡುವ ಗಡಿಯಾರಗಳ ಕಾಲದಲ್ಲಿ ದಿನಕ್ಕೊಮ್ಮೆ ಕ್ರೌನನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ತಿರುಗಿಸಬೇಕಾಗಿತ್ತು. ಹೆಚ್ಚಿನವರು ಬಲಗೈ ಬಳಕೆಯವರು. ಆದುದರಿಂದ ಗಡಿಯಾರ ಎಡಗೈಯಲ್ಲಿ, ಕ್ರೌನು ಮೂರು ಗಂಟೆಯ ಸ್ಥಾನದಲ್ಲಿ, ಎಂದರೆ ಬೆರಳುಗಳ ಕಡೆಗೆ. ಈ ವ್ಯವಸ್ಥೆ ಸಕಾರಣವಾದುದೇ. ಸ್ವಯಂಚಾಲಿತ ಗಡಿಯಾರಗಳು ಬಂದ ಮೇಲೆ ನಿತ್ಯ ಕೀಲಿ ಕೊಡುವ ಅಗತ್ಯ ತಪ್ಪಿತು, ಕ್ವಾರ್ಟ್ಜ್ ಬಂದ ಮೇಲೆ ಕ್ರೌನನ್ನು ಮುಟ್ಟುವುದೇ ಅಪರೂಪವಾಯಿತು. ಆದರೂ ಅದರ ಸ್ಥಾನ ಬದಲಾಗಲಿಲ್ಲ. 1969ರಲ್ಲಿ ಹಾಯರ್ ಸಂಸ್ಥೆ ತನ್ನ ‘ಮೊನಾಕೊ’ ಗಡಿಯಾರದಲ್ಲಿ ಕ್ರೌನನ್ನು ಎಡಬದಿಗೆ ಇಟ್ಟಿತು. ಇದಕ್ಕೆ ಕೀಲಿ ಕೊಡಬೇಕಾಗಿಲ್ಲವೆಂಬುದು ನೋಡಿದೊಡನೆ ತಿಳಿಯುವಂತಾಯಿತು. ಅದು ಎಡಚರಿಗಾಗಿ ಮಾಡಿದ್ದಲ್ಲ, ಆದರೆ ರೂಢಿಯನ್ನು ಮುರಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲವೆಂದು ತೋರಿಸಿತು.

ಎಡಚರನ್ನೇ ಮನಸ್ಸಿನಲ್ಲಿಟ್ಟುಕೊಂಡು ಕ್ರೌನನ್ನು ಒಂಬತ್ತು ಗಂಟೆಯ ಸ್ಥಾನಕ್ಕೆ ತಂದ ಯಾಂತ್ರಿಕ ಗಡಿಯಾರಗಳೂ ಇವೆ. ಟ್ಯೂಡರ್ ಸಂಸ್ಥೆ 2016ರಲ್ಲಿ ಪೆಲಗೋಸ್ ಮಾದರಿಯಲ್ಲಿ ಅಂಥದೊಂದನ್ನು ಹೊರತಂದಿತು. 2022ರಲ್ಲಿ ರೋಲೆಕ್ಸ್ ತನ್ನ ಜಿಎಂಟಿ ಮಾಸ್ಟರ್ ಮಾದರಿಯಲ್ಲಿ ಕ್ರೌನನ್ನೂ ತಾರೀಖಿನ ಕಿಂಡಿಯನ್ನೂ ಎಡಕ್ಕೆ ತಂದಿತು. ಆದರೆ ಇವುಗಳ ತಯಾರಿಕೆಯಲ್ಲಿ ತೊಡಕು ಕಡಿಮೆಯಲ್ಲ. ಯಂತ್ರವನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ತಾರೀಖಿನ ಚಕ್ರವನ್ನು ಬೇರೆಯಾಗಿ ಮುದ್ರಿಸಬೇಕು, ಡಯಲನ್ನು ಬೇರೆಯಾಗಿ ಕೊರೆಯಬೇಕು, ಬೇರೆ ಸಂಖ್ಯೆ ಕೊಟ್ಟು ಬೇರೆಯಾಗಿ ದಾಸ್ತಾನು ಇಡಬೇಕು. ದಾಸ್ತಾನು ಎಂದರೆ ಬಂಡವಾಳ. ನಮ್ಮ ಜಿಲ್ಲಾ ಕೇಂದ್ರದ ಅಂಗಡಿಯೊಂದು ಎಡಗೈಯವರ ಮಾದರಿಯನ್ನು ತರಿಸಿ ಎರಡು ವರ್ಷ ಗಾಜಿನ ಕಪಾಟಿನಲ್ಲಿ ಇಟ್ಟುಕೊಳ್ಳಬೇಕೆಂದು ಯಾರೂ ಹೇಳಲಾರರು. ಎಡಗೈಯ ಕತ್ತರಿಯ ಕಥೆಯೂ ಇದೇ: ಅಲಗುಗಳ ಜೋಡಣೆಯೇ ಬೇರೆ, ಆದ್ದರಿಂದ ಮಾಲೂ ಬೇರೆ, ಬೆಲೆಯೂ ಬೇರೆ.

ಸ್ಮಾರ್ಟ್‌ವಾಚಿನ ವಿಷಯ ಹಾಗಲ್ಲ. ಅದರ ಮುಖ ಒಂದು ಪರದೆ. ಯಾವುದು ಮೇಲು, ಯಾವುದು ಕೆಳಗು ಎಂಬುದನ್ನು ನಿರ್ಧರಿಸುವುದು ತಂತ್ರಾಂಶ. ಗಡಿಯಾರವನ್ನು ತಲೆಕೆಳಗಾಗಿ ಕಟ್ಟಿಕೊಂಡು ಪರದೆಯ ಚಿತ್ರವನ್ನು ಮಾತ್ರ ಅರ್ಧ ಸುತ್ತು ತಿರುಗಿಸಿದರೆ ಬಲಬದಿಯ ಗುಂಡಿ ಎಡಬದಿಗೆ ಬಂದು ನಿಲ್ಲುತ್ತದೆ. ಬೇರೆ ಅಚ್ಚು ಬೇಡ, ಬೇರೆ ಡಯಲ್ ಬೇಡ, ಬೇರೆ ದಾಸ್ತಾನು ಬೇಡ. ಆ್ಯಪಲ್ ಸಂಸ್ಥೆಯ ಗಡಿಯಾರ 2015ರ ಏಪ್ರಿಲ್‌ನಲ್ಲಿ ಮಾರುಕಟ್ಟೆಗೆ ಬಂದಾಗಲೇ ಈ ಏರ್ಪಾಡು ಅದರಲ್ಲಿತ್ತು. ಮೊದಲ ಬಾರಿಗೆ ಫೋನಿನೊಡನೆ ಜೋಡಿಸುವಾಗಲೇ ಯಾವ ಕೈಗೆ ಕಟ್ಟುವಿರಿ ಎಂದು ಅದು ಕೇಳುತ್ತದೆ. ಕ್ರೌನು ಯಾವ ಬದಿಗಿರಬೇಕೆಂಬುದನ್ನು ಬೇರೆಯಾಗಿ ಆರಿಸಿಕೊಳ್ಳಬಹುದು. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಗಡಿಯಾರಗಳಲ್ಲಿಯೂ ಮಣಿಕಟ್ಟು ಒಂದು ಆಯ್ಕೆ, ಗುಂಡಿಯ ಬದಿ ಇನ್ನೊಂದು ಆಯ್ಕೆ. ಈ ಎರಡನ್ನು ಬೇರ್ಪಡಿಸಿರುವುದೇ ಇಲ್ಲಿನ ಜಾಣತನವೆಂದು ನಾನು ಭಾವಿಸುತ್ತೇನೆ. ಏಕೆಂದರೆ ಗಡಿಯಾರ ಕಟ್ಟುವ ರೀತಿಗಳು ಎರಡಲ್ಲ, ನಾಲ್ಕು: ಎಡಗೈ ಅಥವಾ ಬಲಗೈ, ಮತ್ತು ಪ್ರತಿಯೊಂದರಲ್ಲಿಯೂ ಗುಂಡಿ ಬೆರಳುಗಳ ಕಡೆಗೆ ಅಥವಾ ಮೊಣಕೈಯ ಕಡೆಗೆ.

ಇದನ್ನು ಓದುಗರು ತಮ್ಮ ಕೈಯಲ್ಲಿರುವ ಗಡಿಯಾರದಿಂದಲೇ ಪರೀಕ್ಷಿಸಬಹುದು. ಸಾಮಾನ್ಯ ಗಡಿಯಾರವನ್ನು ಹಾಗೆಯೇ ಬಲಗೈಗೆ ಕಟ್ಟಿದರೆ ಗುಂಡಿ ಮೊಣಕೈಯ ಕಡೆಗೆ ಹೋಗುತ್ತದೆ. ಎಡಗೈಯ ಬೆರಳು ಅದನ್ನು ತಲುಪಬೇಕಾದರೆ ಡಯಲನ್ನು ದಾಟಿಯೇ ಹೋಗಬೇಕು; ಮುಟ್ಟುವ ಹೊತ್ತಿನಲ್ಲಿ ನೋಡಬೇಕಾದ ಪರದೆ ಅಂಗೈಯಡಿ ಮರೆಯಾಗಿರುತ್ತದೆ. ಬ್ಯಾಂಕ್ ಉದ್ಯೋಗಿಯ ದೂರು ಇದೇ. ಗಡಿಯಾರವನ್ನು ತಿರುಗಿಸಿದರೆ ಗುಂಡಿ ಬೆರಳುಗಳ ಬದಿಗೆ ಬಂದು ಆ ತೊಂದರೆ ನೀಗುತ್ತದೆ. ಆದರೆ ಬೆರಳುಗಳ ಕಡೆಗೆ ಗುಂಡಿ ಇರುವುದು ಎಲ್ಲರಿಗೂ ಸುಖವಲ್ಲ. ಮಣಿಕಟ್ಟು ಹಿಂದಕ್ಕೆ ಬಾಗಿದಾಗ ಮುಂಗೈಯ ಹಿಂಭಾಗ ಅದರ ಮೇಲೆ ಒತ್ತುತ್ತದೆ. ದಂಡ, ಸೂರ್ಯನಮಸ್ಕಾರಗಳಲ್ಲಿ ಮಾತ್ರವಲ್ಲ. ನೆಲದ ಮೇಲೆ ಪಂಕ್ತಿಯಲ್ಲಿ ಕುಳಿತು ಉಂಡವರು ಎಡಗೈ ಊರಿ ಏಳುವಾಗ, ಕೈಗಾಡಿ ತಳ್ಳುವವರು ಹಿಡಿಯ ಮೇಲೆ ಭಾರ ಹಾಕುವಾಗ, ದ್ವಿಚಕ್ರ ವಾಹನ ಓಡಿಸುವವರು ಬಲಗೈಯಲ್ಲಿ ವೇಗ ಏರಿಸಲು ಮಣಿಕಟ್ಟನ್ನು ಕೆಳಕ್ಕೆ ಇಳಿಸುವಾಗ ಇದೇ ಆಗುತ್ತದೆ. ಕ್ರೌನು ಕೇವಲ ಕೀಲಿಯಾಗಿದ್ದ ಕಾಲದಲ್ಲಿ ಹೆಚ್ಚೆಂದರೆ ಚರ್ಮದ ಮೇಲೆ ಒಂದು ಗುರುತು ಮೂಡುತ್ತಿತ್ತು. ಇಂದು ಅದೇ ಗುಂಡಿಯನ್ನು ದೀರ್ಘಕಾಲ ಒತ್ತಿದರೆ ಧ್ವನಿ ಸಹಾಯಕ ಎಚ್ಚರಗೊಳ್ಳುತ್ತದೆ, ಕೆಲವು ಮಾದರಿಗಳಲ್ಲಿ ಆಪತ್ಕಾಲದ ಕರೆಯೇ ಹೋಗುತ್ತದೆ. 112ಕ್ಕೆ ವೃಥಾ ಹೋಗುವ ಕರೆ ಗ್ರಾಹಕನೊಬ್ಬನ ಕಿರಿಕಿರಿಯಷ್ಟೇ ಅಲ್ಲ, ನಿಜವಾಗಿ ಆಪತ್ತಿನಲ್ಲಿರುವವರ ಸರದಿಯಲ್ಲಿ ಅಡ್ಡ ನಿಂತಂತೆ. ಹೀಗಾಗಿ ಬಲಗೈ ಬಳಕೆಯವರಾದ ವ್ಯಾಯಾಮ ಶಿಕ್ಷಕರಿಗೂ ಗಡಿಯಾರವನ್ನು ತಿರುಗಿಸಿ ಕಟ್ಟುವ ಸೌಲಭ್ಯ ಬೇಕಾಗಿತ್ತು. ಇದನ್ನು ‘ಎಡಚರ ಸಮಸ್ಯೆ’ ಎಂದು ಕರೆದು ಬದಿಗಿಡುವುದು ತಪ್ಪು.

ಸಂವೇದಕಗಳ ಸಂಗತಿಯೂ ಇದಕ್ಕೆ ಸೇರಿದ್ದೇ. ಕೈಯ ಚಲನೆಯನ್ನು ಅಳೆಯುವ ಸಂವೇದಕಕ್ಕೆ ತಾನು ಯಾವ ಕೈಯಲ್ಲಿದ್ದೇನೆ, ಯಾವ ದಿಕ್ಕಿಗೆ ಇದ್ದೇನೆ ಎಂಬುದು ತಾನಾಗಿ ತಿಳಿಯದು. ಕೈ ಎತ್ತಿ ಮುಖದ ಕಡೆಗೆ ಹೊರಳಿಸುವ ಚಲನೆ ಎಡಗೈಯಲ್ಲಿ ಒಂದು ಬಗೆಯಾದರೆ ಬಲಗೈಯಲ್ಲಿ ಅದರ ಕನ್ನಡಿಬಿಂಬ. ಎಡಗೈಯೊಂದನ್ನೇ ನಂಬಿ ಬರೆದ ತಂತ್ರಾಂಶ ಬಲಗೈಯಲ್ಲಿ ತಡವರಿಸಿದರೆ ಆಶ್ಚರ್ಯವಿಲ್ಲ. ಹೆಜ್ಜೆಯ ಲೆಕ್ಕ ಇನ್ನೂ ಸೂಕ್ಷ್ಮ. ಹೆಚ್ಚು ಕೆಲಸ ಮಾಡುವ ಕೈಗೆ ಗಡಿಯಾರ ಕಟ್ಟಿದರೆ ತರಕಾರಿ ಹೆಚ್ಚುವುದು, ಬಟ್ಟೆ ಒಗೆಯುವುದು, ಲೆಕ್ಕ ಬರೆಯುವುದು ಕೂಡ ಕೆಲವೊಮ್ಮೆ ನಡಿಗೆಯಾಗಿ ದಾಖಲಾಗುತ್ತದೆ. ಇದನ್ನರಿತ ಫಿಟ್‌ಬಿಟ್ ಸಂಸ್ಥೆ ತನ್ನ ಪಟ್ಟಿಗಳಲ್ಲಿ, ಕಟ್ಟಿದ ಕೈ ಹೆಚ್ಚು ಬಳಸುವ ಕೈಯೇ ಅಲ್ಲವೇ ಎಂದು ನಮೂದಿಸಲು ಅವಕಾಶ ಕೊಟ್ಟಿತು. ಹೆಚ್ಚು ಬಳಸುವ ಕೈಯೆಂದು ನಮೂದಿಸಿದರೆ ಹೆಜ್ಜೆ ಎಣಿಕೆಯ ಸೂಕ್ಷ್ಮತೆ ತಗ್ಗುತ್ತದೆ. ನಾಡಿಬಡಿತ ಅಳೆಯುವ ಹಸಿರು ಬೆಳಕಿನ ಸಂವೇದಕಕ್ಕೆ ಎಡ-ಬಲಗಳ ಹಂಗಿಲ್ಲ, ಆದರೆ ಅದು ಚರ್ಮಕ್ಕೆ ತಾಗಿಕೊಂಡಿರಬೇಕು. ಗುಂಡಿ ಚುಚ್ಚುತ್ತದೆಂದು ಗ್ರಾಹಕರು ಪಟ್ಟಿಯನ್ನು ಸಡಿಲಿಸಿದರೆ ಅಥವಾ ನಮ್ಮಲ್ಲಿ ಎಷ್ಟೋ ಮಹಿಳೆಯರು ಕಟ್ಟುವಂತೆ ಡಯಲನ್ನು ಅಂಗೈ ಬದಿಗೆ ಹೊರಳಿಸಿ ಕಟ್ಟಿದರೆ ಆ ಅಳತೆಯೂ ಕೆಡಬಹುದು. ಅನಂತರ ‘ಈ ಗಡಿಯಾರ ಸುಳ್ಳು ಹೇಳುತ್ತದೆ’ ಎಂಬ ದೂರು ಬರುವುದು ನಮ್ಮ ಅಂಗಡಿಗೇ.

ಎಡಚರ ಸಂಖ್ಯೆ ಎಷ್ಟು? ಹಲವು ದೇಶಗಳ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಶೇಕಡಾ 10.6 ಎಂಬ ಪ್ರಮಾಣವನ್ನು ನೀಡಿತು. ಹತ್ತರಲ್ಲಿ ಒಬ್ಬರು ಎಂದಿಟ್ಟುಕೊಳ್ಳೋಣ. ನಮ್ಮ ನಾಡಿನಲ್ಲಿ ಈ ಲೆಕ್ಕ ಇಷ್ಟು ಸರಳವಲ್ಲ. ಎಡಗೈಯಲ್ಲಿ ಬಳಪ ಹಿಡಿದ ಮಗುವಿನ ಬೆರಳಿಗೆ ಪೆಟ್ಟು ಕೊಟ್ಟು ತಿದ್ದಿದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ತಿದ್ದಿಸಿಕೊಳ್ಳದೆ ಉಳಿದವರೂ ಬರೆಯುವುದು ಎಡಗೈಯಲ್ಲಿ, ಉಣ್ಣುವುದು ಬಲಗೈಯಲ್ಲಿ; ಪ್ರಸಾದಕ್ಕೆ ಚಾಚುವುದು ಬಲಗೈ, ಸುತ್ತಿಗೆ ಹಿಡಿಯುವುದು ಎಡಗೈ. ಇಂಥವರಲ್ಲಿ ಕೆಲವರು ಊಟದ ಹೊತ್ತಿಗೆ ಗಡಿಯಾರ ನೆನೆಯಬಾರದೆಂದು ಎಡಗೈಗೇ ಕಟ್ಟುತ್ತಾರೆ, ಕೆಲವರು ಬರೆಯಲು ಅಡ್ಡಿಯೆಂದು ಬಲಗೈಗೆ. ಮತ್ತೆ ಬಲಗೈ ಬಳಕೆಯವರಾಗಿದ್ದೂ ಶೋಕಿಗಾಗಿಯೋ, ತಂದೆಯನ್ನು ನೋಡಿ ಕಲಿತ ವಾಡಿಕೆಯಿಂದಲೋ ಬಲಗೈಗೇ ಗಡಿಯಾರ ಕಟ್ಟುವವರು ಬೇರೆ. ಆದುದರಿಂದ ‘ನೀವು ಎಡಚರೇ?’ ಎಂದು ಕೇಳುವುದು ವ್ಯಾಪಾರಕ್ಕೆ ಉಪಯೋಗವಿಲ್ಲ. ‘ಯಾವ ಕೈಗೆ ಕಟ್ಟುತ್ತೀರಿ?’ ಎಂಬುದೇ ಸರಿಯಾದ ಪ್ರಶ್ನೆ. ಮೊದಲನೆಯ ಪ್ರಶ್ನೆಗೆ ಕೆಲವರು ಮುಜುಗರಪಡುತ್ತಾರೆಂಬುದನ್ನೂ ಕಂಡಿದ್ದೇನೆ.

ಈಗ ವ್ಯಾಪಾರದ ಅಂಕಿಗಳಿಗೆ ಬರೋಣ. ಮಾರುಕಟ್ಟೆ ಅಧ್ಯಯನ ಸಂಸ್ಥೆಯಾದ ಐಡಿಸಿಯ ಅಂದಾಜಿನಂತೆ 2024ರಲ್ಲಿ ಭಾರತದಲ್ಲಿ ಸರಬರಾಜಾದ ಸ್ಮಾರ್ಟ್‌ವಾಚ್‌ಗಳು ಸುಮಾರು 3 ಕೋಟಿ 50 ಲಕ್ಷ. ಹಿಂದಿನ ವರ್ಷಕ್ಕಿಂತ ಇದು ಮೂರನೆಯ ಒಂದು ಭಾಗದಷ್ಟು ಕಡಿಮೆ. ಸಾವಿರ, ಸಾವಿರದೈನೂರು ರೂಪಾಯಿಗೆ ಮೊದಲ ಬಾರಿ ಕೊಂಡವರು ಎರಡನೆಯದನ್ನು ಕೊಳ್ಳಲು ಉತ್ಸಾಹ ತೋರುತ್ತಿಲ್ಲವೆಂಬುದು ಅಂಗಡಿಯಲ್ಲಿ ಕುಳಿತ ನಮ್ಮೆಲ್ಲರ ಅನುಭವ. ಕಾರಣಗಳು ಹಲವು ಇರಬಹುದು. ಒಂದು ಕಾರಣವಂತೂ ಎಷ್ಟೋ ಗಡಿಯಾರಗಳು ತಿಂಗಳೊಪ್ಪತ್ತಿನಲ್ಲಿ ಮಣಿಕಟ್ಟು ಬಿಟ್ಟು ಮೇಜಿನ ಸೆಳೆಖಾನೆ ಸೇರುತ್ತಿರುವುದು. ಸುಖವಾಗಿ ಕೂರದ ವಸ್ತುವನ್ನು ಜನ ಧರಿಸುವುದಿಲ್ಲ. ಧರಿಸದ ವಸ್ತುವನ್ನು ಮತ್ತೆ ಕೊಳ್ಳುವುದಿಲ್ಲ. 3 ಕೋಟಿ 50 ಲಕ್ಷದಲ್ಲಿ ಹತ್ತನೆಯ ಒಂದು ಪಾಲೆಂದರೆ 35 ಲಕ್ಷ ಗಡಿಯಾರಗಳು. ಪರದೆಯ ಅಳತೆಯನ್ನು ಇಂಚಿನ ಹತ್ತನೆಯ ಒಂದು ಭಾಗದಷ್ಟು ಹಿಗ್ಗಿಸಿ ಜಾಹೀರಾತಿಗೆ ಹಣ ಸುರಿಯುವ ಬ್ರ್ಯಾಂಡುಗಳು ಈ 35 ಲಕ್ಷದ ಕಡೆಗೆ ಏಕೆ ನೋಡುವುದಿಲ್ಲ ಎಂಬುದು ನನಗೆ ಅರ್ಥವಾಗದ ಸಂಗತಿ.

ಅಗ್ಗದ ಮಾದರಿಗಳಲ್ಲಿ ಈ ಸೌಲಭ್ಯ ಅನೇಕ ವೇಳೆ ಕಾಣದಿರುವುದಕ್ಕೆ ಕಾರಣ ತಂತ್ರಜ್ಞಾನದ ಕೊರತೆಯಲ್ಲ. ಇಂಥ ಗಡಿಯಾರಗಳ ಒಳಗಿನ ಬೋರ್ಡು, ತಂತ್ರಾಂಶಗಳು ಬಹುಮಟ್ಟಿಗೆ ಚೀನಾದ ವಿನ್ಯಾಸ ಸಂಸ್ಥೆಗಳಿಂದ ಸಿದ್ಧರೂಪದಲ್ಲಿ ಬರುತ್ತವೆಂಬುದು ಈ ವ್ಯಾಪಾರದಲ್ಲಿರುವ ಎಲ್ಲರಿಗೂ ತಿಳಿದದ್ದೇ. ನಮ್ಮಲ್ಲಿ ಹೆಸರು, ಡಯಲಿನ ಚಿತ್ರ, ಪಟ್ಟಿ, ಪೆಟ್ಟಿಗೆ ಸೇರುತ್ತವೆ. 2022ರ ಕೇಂದ್ರ ಮುಂಗಡಪತ್ರದಲ್ಲಿ ಧರಿಸುವ ಸಾಧನಗಳಿಗೆ ಹಂತ ಹಂತದ ಸುಂಕದ ವ್ಯವಸ್ಥೆ ಬಂದ ಮೇಲೆ ಜೋಡಣೆಯ ಕೆಲಸ ಇಲ್ಲಿಯೇ ಹೆಚ್ಚಿತು, ಅದು ಸಂತೋಷದ ವಿಷಯ. ಆದರೆ ಕೇಳಿದ್ದನ್ನಷ್ಟೇ ಅವರು ಕೊಡುತ್ತಾರೆ. ನಾವು ಕೇಳಿದ್ದು ಬಣ್ಣ ಮತ್ತು ಬೆಲೆಯನ್ನು. ಪರದೆಯ ಚಾಲಕ ಚಿಪ್‌ಗಳಲ್ಲಿ ಚಿತ್ರವನ್ನು ಅರ್ಧ ಸುತ್ತು ತಿರುಗಿಸುವ ಆದೇಶ ಸಾಮಾನ್ಯವಾಗಿ ಮೊದಲೇ ಇರುತ್ತದೆ. ಸ್ಪರ್ಶದ ಸ್ಥಾನಗಳನ್ನು ಅದಕ್ಕೆ ಸರಿಯಾಗಿ ತಿರುವು ಹಾಕಬೇಕು, ಚಲನೆಯ ಸಂವೇದಕದ ಎರಡು ಅಕ್ಷಗಳ ಚಿಹ್ನೆ ಬದಲಿಸಬೇಕು. ಕೆಲಸದ ಸಾರ ಇಷ್ಟೇ. ನಿಜವಾದ ಖರ್ಚು ಪರೀಕ್ಷೆಯಲ್ಲಿದೆ: ಪ್ರತಿಯೊಂದು ಪುಟವನ್ನೂ ನಾಲ್ಕು ಸ್ಥಿತಿಗಳಲ್ಲಿ ಪರೀಕ್ಷಿಸಬೇಕು, ಧ್ವನಿವರ್ಧಕ ಮತ್ತು ಮೈಕಿನ ರಂಧ್ರಗಳು ತಿರುಗಿಸಿದಾಗ ಅಂಗಿಯ ತೋಳಿನಡಿ ಮುಚ್ಚಿಹೋಗುವುದಿಲ್ಲವೇ ಎಂದು ನೋಡಬೇಕು. ಈ ಖರ್ಚನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಒಂದು ಮಾದರಿಗೆ ಒಮ್ಮೆ ಮಾಡುವ ಖರ್ಚು. ಒಂದೊಂದು ಗಡಿಯಾರಕ್ಕೂ ತಗಲುವುದಲ್ಲ. ಹತ್ತು ಸಾವಿರ ಗಡಿಯಾರಗಳ ಆದೇಶ ಕೊಡುವವರು ಮುಂಗಡ ಹಣ ಕಳುಹಿಸುವ ಮುನ್ನ ಖರೀದಿ ಪತ್ರದಲ್ಲಿ ಒಂದು ಸಾಲು ಸೇರಿಸಿದರೆ ದೊರೆಯುವ ಸೌಲಭ್ಯ ಇದು. ಹಣ ಸಂದಾಯವಾದ ಮೇಲೆ ಕೇಳಿದರೆ ಏನಾಗುವುದೆಂದು ಸದಸ್ಯರಿಗೆ ಹೇಳಬೇಕಾಗಿಲ್ಲ.

ನಮ್ಮ ಸಣ್ಣ ಉದ್ಯಮಿಗಳ ಕೈಯಲ್ಲಿರುವುದು ಹೆಚ್ಚಾಗಿ ಪಟ್ಟಿ. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ರಬ್ಬರು, ಪ್ಲಾಸ್ಟಿಕ್ ಅಚ್ಚಿನ ಕೆಲಸ ಮಾಡುವವರಿಗೂ ಚರ್ಮದ ಸಾಮಾನು ಮಾಡುವವರಿಗೂ ಇಲ್ಲಿ ಅವಕಾಶವಿದೆಯೆಂದು ನಾನು ನಂಬುತ್ತೇನೆ. ಗಡಿಯಾರವನ್ನು ತಲೆಕೆಳಗು ಮಾಡಿದಾಗ ಬಕಲ್ ಇರುವ ತುಂಡು ಮೇಲಿನಿಂದ ಕೆಳಕ್ಕೂ ತೂತುಗಳಿರುವ ತುಂಡು ಕೆಳಗಿನಿಂದ ಮೇಲಕ್ಕೂ ಹೋಗುತ್ತವೆ. ಕಟ್ಟಿಕೊಳ್ಳುವ ಅಭ್ಯಾಸ ತಪ್ಪಿ ಕೈ ತಡವರಿಸುತ್ತದೆ. ಪಟ್ಟಿಯ ಎರಡು ತುಂಡುಗಳನ್ನು ಅದಲು ಬದಲು ಮಾಡಿದರೆ ತೊಂದರೆ ಮುಗಿಯಿತು. ಇದು ಸಾಧ್ಯವಾಗಬೇಕಾದರೆ ಗಡಿಯಾರದ ಮೇಲಿನ ಮತ್ತು ಕೆಳಗಿನ ಕಿವಿಗಳು ಒಂದೇ ಅಳತೆ, ಒಂದೇ ಆಕಾರದಲ್ಲಿರಬೇಕು. 20 ಮಿಲಿಮೀಟರ್, 22 ಮಿಲಿಮೀಟರ್‌ಗಳ ರೂಢಿಯ ಅಳತೆ ಮತ್ತು ಬೆರಳಿನಿಂದಲೇ ಬಿಚ್ಚಬಹುದಾದ ಪಿನ್ನು ಇದ್ದರೆ ಯಾವ ಅಂಗಡಿಯಲ್ಲಿಯೂ ಅರ್ಧ ನಿಮಿಷದ ಕೆಲಸ. ತನ್ನದೇ ಪಟ್ಟಿಯನ್ನು ಮಾರಬೇಕೆಂಬ ಆಸೆಯಿಂದ ವಿಚಿತ್ರ ಆಕಾರದ ಕಿವಿಗಳನ್ನು ಮಾಡುವ ಬ್ರ್ಯಾಂಡುಗಳು ಈ ಅನುಕೂಲವನ್ನೂ ಕಳೆಯುತ್ತವೆ, ನಮ್ಮ ಪಟ್ಟಿ ತಯಾರಕರ ಮಾರುಕಟ್ಟೆಯನ್ನೂ ಕಳೆಯುತ್ತವೆ. ವರ್ತಕರು ಮಾದರಿ ಆರಿಸುವಾಗ ಇದನ್ನು ಗಮನಿಸುವುದು ಒಳ್ಳೆಯದು.

ಬಕಲ್ ಹಾಕುವುದೂ ಒಂದು ಕೌಶಲವೇ. ಎಡಚರು ಬಲಗೈಗೆ ಕಟ್ಟುವಾಗ ಎಡಗೈಯಲ್ಲಿ ಬಕಲ್ ಹಾಕುತ್ತಾರೆ, ಅವರಿಗೆ ಕಷ್ಟವಿಲ್ಲ. ಬಲಗೈ ಬಳಕೆಯವರು ಯಾವುದೋ ಕಾರಣದಿಂದ ಬಲಗೈಗೆ ಕಟ್ಟಬೇಕಾದರೆ ಪಳಗದ ಎಡಗೈಯಲ್ಲಿ ಸೂಜಿಯಂಥ ಮುಳ್ಳನ್ನು ತೂತಿಗೆ ಸೇರಿಸಬೇಕು. ಎಡಗೈ ಮುರಿದು ಪಟ್ಟು ಹಾಕಿಸಿಕೊಂಡವರು, ಪಾರ್ಶ್ವವಾಯುವಿನಿಂದ ಒಂದು ಕೈ ದುರ್ಬಲವಾದವರು, ಬೆರಳು ಸಂಧಿಗಳ ನೋವಿರುವ ಹಿರಿಯರು ಇವರಲ್ಲಿ ಸೇರುತ್ತಾರೆ. ಹೃದಯದ ಬಡಿತ ನೋಡಿಕೊಳ್ಳಲೆಂದು ಮಕ್ಕಳು ಗಡಿಯಾರ ಕೊಡಿಸುವುದು ಇಂಥ ಹಿರಿಯರಿಗೇ. ಒಂದೇ ಕೈಯಲ್ಲಿ ಎಳೆದು ಅಂಟಿಸುವ ವೆಲ್ಕ್ರೊ ಪಟ್ಟಿ, ಅಯಸ್ಕಾಂತದ ಪಟ್ಟಿಗಳು ಅವರಿಗೆ ವರದಾನ. ಒಂದಷ್ಟು ಗಿಡ್ಡ ಪಟ್ಟಿಗಳನ್ನೂ ತೂತುಗಳ ನಡುವಿನ ಅಂತರ ಕಿರಿದಾಗಿರುವ ಪಟ್ಟಿಗಳನ್ನೂ ಅಂಗಡಿಯಲ್ಲಿ ಇಟ್ಟುಕೊಂಡವರಿಗೆ ಗಡಿಯಾರಕ್ಕಿಂತ ಪಟ್ಟಿಯಲ್ಲೇ ಹೆಚ್ಚು ಲಾಭಾಂಶ ಸಿಗುತ್ತದೆಂಬುದು ನನ್ನ ಸ್ವಂತ ಲೆಕ್ಕಪುಸ್ತಕ ಹೇಳುವ ಮಾತು.

ಚರ್ಮಕ್ಕೆ ತಾಗುವ ವಸ್ತುವಿನ ವಿಚಾರದಲ್ಲಿ ಅಚ್ಚಿನ ಕೆಲಸದವರು ಎಚ್ಚರ ತಪ್ಪಬಾರದು. 2014ರಲ್ಲಿ ಫಿಟ್‌ಬಿಟ್ ಸಂಸ್ಥೆ ತನ್ನ ‘ಫೋರ್ಸ್’ ಪಟ್ಟಿಗಳನ್ನು ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷದ ಪ್ರಮಾಣದಲ್ಲಿ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಧರಿಸಿದವರ ಚರ್ಮದಲ್ಲಿ ತುರಿಕೆ, ಗುಳ್ಳೆಗಳು ಎದ್ದಿದ್ದವು. ಐರೋಪ್ಯ ಒಕ್ಕೂಟದ ನಿಯಮದಂತೆ ಚರ್ಮಕ್ಕೆ ದೀರ್ಘಕಾಲ ತಾಗುವ ಲೋಹದಿಂದ ಬಿಡುಗಡೆಯಾಗುವ ನಿಕ್ಕಲ್ ವಾರಕ್ಕೆ ಚದರ ಸೆಂಟಿಮೀಟರಿಗೆ 0.5 ಮೈಕ್ರೊಗ್ರಾಮ್ ಮೀರಬಾರದು. ರಫ್ತಿನ ಆಸೆಯಿರುವ ಬಕಲ್ ತಯಾರಕರು ಈ ಅಂಕಿಯನ್ನು ಕಾರ್ಖಾನೆಯ ಗೋಡೆಯ ಮೇಲೆ ಬರೆದಿಡಬೇಕು. ಮಂಗಳೂರು, ಕಾರವಾರಗಳ ಬೆವರಿನಲ್ಲಿ ಒಂದು ಬೇಸಿಗೆ ಕಳೆದ ಪಟ್ಟಿ ಯಾವ ಗತಿಗೆ ಬರುತ್ತದೆಂಬುದನ್ನು ಕರಾವಳಿಯ ವರ್ತಕ ಮಿತ್ರರು ನನಗಿಂತ ಚೆನ್ನಾಗಿ ಬಲ್ಲರು.

‘ಕಡಿಮೆ ಬೆಲೆಯ ಮಾಲಿಗೆ ಇಷ್ಟೆಲ್ಲ ಯಾರು ನೋಡುತ್ತಾರೆ?’ ಎಂದು ಕೇಳುವ ಸ್ನೇಹಿತರಿದ್ದಾರೆ. ಕಡಿಮೆ ಬೆಲೆಯ ಮಾಲನ್ನೇ ಹೆಚ್ಚು ನೋಡುತ್ತಾರೆಂಬುದು ನನ್ನ ಉತ್ತರ. ಒಂದೂವರೆ ಸಾವಿರದ ಗಡಿಯಾರದಲ್ಲಿ ಚಿಲ್ಲರೆ ವರ್ತಕನಿಗೆ ಉಳಿಯುವುದು ಅತ್ಯಲ್ಪ. ಒಂದು ವಾಪಸಾತಿ ಹಲವು ಮಾರಾಟಗಳ ಲಾಭವನ್ನು ನುಂಗಿಹಾಕುತ್ತದೆ. ಇನ್ನು ಕೆಲವರ ವಾದ, ಜನರು ಹೊಂದಿಕೊಳ್ಳುತ್ತಾರೆ ಎಂಬುದು. ಹೌದು, ಎಡಚರು ಬಾಲ್ಯದಿಂದಲೂ ಹೊಂದಿಕೊಳ್ಳುತ್ತಲೇ ಬಂದವರು. ಶಾಲೆಯ ಕುರ್ಚಿಗೆ, ಕತ್ತರಿಗೆ, ಸೌಟಿಗೆ, ಲೇತ್ ಯಂತ್ರಕ್ಕೆ ಹೊಂದಿಕೊಂಡಿದ್ದಾರೆ. ಅವುಗಳನ್ನು ಬದಲಿಸುವುದು ದುಬಾರಿಯಾದ್ದರಿಂದ ಅವರ ಹೊಂದಾಣಿಕೆಗೆ ಒಂದು ಅರ್ಥವಿತ್ತು. ಬದಲಾವಣೆಗೆ ಖರ್ಚೇ ಇಲ್ಲವೆನ್ನಬಹುದಾದ ಒಂದು ವಸ್ತುವಿಗೂ ಅವರೇ ಹೊಂದಿಕೊಳ್ಳಲಿ ಎನ್ನುವುದು ಸೋಮಾರಿತನ.

ಅಲ್ಪಸಂಖ್ಯೆಯ ಗ್ರಾಹಕರಿಗಾಗಿ ಗಡಿಯಾರ ಮಾಡುವುದು ಈ ನಾಡಿಗೆ ಹೊಸತಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆ ಆರಂಭಿಸಿದ ಎಚ್‌ಎಂಟಿ, ಮುಂದೆ ದೃಷ್ಟಿಹೀನರಿಗಾಗಿ ಬ್ರೈಲ್ ಗಡಿಯಾರವನ್ನೂ ತಯಾರಿಸಿತು. ಗಾಜಿನ ಮುಚ್ಚಳವನ್ನು ತೆರೆದು ಬೆರಳಿನಿಂದ ಮುಳ್ಳು ಮುಟ್ಟಿ ಹೊತ್ತು ತಿಳಿಯುವ ಆ ಗಡಿಯಾರಕ್ಕೆ ಬೇರೆಯೇ ಕವಚ, ಬೇರೆಯೇ ಡಯಲ್ ಬೇಕಾಗಿತ್ತು. ಆ ಕಾರ್ಖಾನೆಗಳ ವೈಭವ ಮುಗಿಯಿತು; 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ಅದೇ ವರ್ಷ ಬೆಂಗಳೂರಿನಲ್ಲಿ ಆಡಳಿತ ಕಚೇರಿಯುಳ್ಳ, ಹೊಸೂರಿನಲ್ಲಿ ಕಾರ್ಖಾನೆಯುಳ್ಳ ಟೈಟಾನ್ ಸಂಸ್ಥೆ ಎಚ್‌ಪಿಯೊಡನೆ ಸೇರಿ ‘ಜಕ್ಸ್ಟ್’ ಎಂಬ ತನ್ನ ಮೊದಲ ಸ್ಮಾರ್ಟ್‌ವಾಚ್ ಹೊರತಂದಿತು. ಗಡಿಯಾರದ ಅನುಭವವುಳ್ಳ ಕುಶಲಕರ್ಮಿಗಳು, ತಂತ್ರಾಂಶ ಬರೆಯುವವರು, ಅಚ್ಚು ಮಾಡುವವರು ಒಂದೇ ಊರಿನ ಸುತ್ತಮುತ್ತ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಇರುವ ಜಾಗಗಳು ಹೆಚ್ಚಿಲ್ಲ. ತಂತ್ರಾಂಶದ ಭಾಗವನ್ನಾದರೂ ಇಲ್ಲಿಯೇ ಬರೆಯಿಸುವ ಬ್ರ್ಯಾಂಡುಗಳಿಗೆ ಈ ಸೌಲಭ್ಯವನ್ನು ಸೇರಿಸಲು ಯಾರ ಅಪ್ಪಣೆಯೂ ಬೇಕಾಗಿಲ್ಲ.

ಸ್ಮಾರ್ಟ್‌ವಾಚ್‌ಗಳಿಗೆ ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ಇದೆ. ಆದರೆ ಅದು ಸುರಕ್ಷತೆಗೆ ಸಂಬಂಧಿಸಿದ್ದು. ಕೈಗೆ ಒಗ್ಗುತ್ತದೆಯೇ ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ, ಬರಬೇಕೆಂದೂ ನಾನು ಹೇಳುವುದಿಲ್ಲ. ಎಲ್ಲದಕ್ಕೂ ಕಾನೂನು ಕೇಳುವ ಅಭ್ಯಾಸ ವಾಣಿಜ್ಯಕ್ಕೆ ಹಿತವಲ್ಲ. ನಮ್ಮ ಸಂಸ್ಥೆಯ ವಿದ್ಯುನ್ಮಾನ ವಸ್ತುಗಳ ಸಮಿತಿ ಒಂದು ಕೆಲಸ ಮಾಡಬಹುದು: ಪೆಟ್ಟಿಗೆಯ ಮೇಲೆ ಪರದೆಯ ಅಳತೆ, ಬ್ಯಾಟರಿಯ ದಿನಗಳು, ನೀರಿನ ರಕ್ಷಣೆಯ ದರ್ಜೆ ಇವುಗಳ ಜೊತೆಗೆ ‘ಎರಡೂ ಕೈಗೆ, ಎರಡೂ ದಿಕ್ಕಿಗೆ’ ಎಂಬ ಒಂದು ಸಾಲನ್ನು ಮುದ್ರಿಸುವಂತೆ ಸರಬರಾಜುದಾರರಿಗೆ ಸದಸ್ಯರ ಪರವಾಗಿ ಪತ್ರ ಬರೆಯುವುದು. ನೂರು ಚಿಲ್ಲರೆ ವರ್ತಕರು ಒಟ್ಟಾಗಿ ಕೇಳಿದ್ದನ್ನು ಪ್ರಾದೇಶಿಕ ವಿತರಕರು ಕಡೆಗಣಿಸಲಾರರು. ಬರೀ ಅಂಗಡಿಯವರ ಮಾತೆಂದು ತಯಾರಕರು ತಳ್ಳಿಹಾಕಿದರೆ ಅದಕ್ಕೂ ಉತ್ತರವಿದೆ: ಸದಸ್ಯರು ಮೂರು ತಿಂಗಳು ತಮ್ಮ ವಾಪಸಾತಿ ಪುಸ್ತಕದಲ್ಲಿ ಕಾರಣದ ಕಾಲಮ್ಮಿನ ಪಕ್ಕದಲ್ಲಿ ಗ್ರಾಹಕರು ಕಟ್ಟುವ ಕೈಯನ್ನೂ ಬರೆದಿಡಲಿ. ಅಂಥ ಲೆಕ್ಕ ನಮ್ಮಲ್ಲಿ ಯಾರ ಬಳಿಯೂ ಇದ್ದಂತಿಲ್ಲ, ತಯಾರಕರ ಬಳಿಯೂ ಇರಲಾರದು.

ನನ್ನ ಅಂಗಡಿಯ ಮಟ್ಟಿಗೆ ಬದಲಾವಣೆ ಸಣ್ಣದು. ಪ್ರದರ್ಶನಕ್ಕೆ ಇಟ್ಟ ಗಡಿಯಾರಗಳಲ್ಲಿ ತಿರುಗಿಸುವ ಸೌಲಭ್ಯ ಇರುವವುಗಳನ್ನು ಬೇರೆ ಸಾಲಿನಲ್ಲಿ ಇಟ್ಟಿದ್ದೇನೆ. ಹುಡುಗರು ಬೆಲೆ ಕೇಳುವ ಮುನ್ನ ಕೈ ಕೇಳುತ್ತಾರೆ, ಬೇಕಾದವರಿಗೆ ಪಟ್ಟಿಯ ತುಂಡುಗಳನ್ನು ಅದಲು ಬದಲು ಮಾಡಿ ಸೆಟ್ಟಿಂಗ್ ಸರಿಪಡಿಸಿಯೇ ಕಳುಹಿಸುತ್ತಾರೆ. ಆಗಸ್ಟ್ 13 ಅಂತರರಾಷ್ಟ್ರೀಯ ಎಡಚರ ದಿನ. ಕಳೆದ ಆಗಸ್ಟ್‌ನಲ್ಲಿ ಆ ವಾರ ಬಲಗೈಗೆ ಕಟ್ಟುವವರಿಗೆ ಪಟ್ಟಿಯ ಮೇಲೆ ರಿಯಾಯಿತಿ ಎಂದು ಹಲಗೆಯೊಂದನ್ನು ಬರೆಯಿಸಿ ಹಾಕಿದ್ದೆ. ಬಂದವರಲ್ಲಿ ಆ ಬ್ಯಾಂಕ್ ಉದ್ಯೋಗಿಯೂ ಇದ್ದರು. ಬೇರೆ ಬ್ರ್ಯಾಂಡಿನ, ಸ್ವಲ್ಪ ಹೆಚ್ಚು ಬೆಲೆಯ ಗಡಿಯಾರವನ್ನು ಬಲಗೈಗೆ ಕಟ್ಟಿ, ಪರದೆ ತಿರುಗಿಸಿ ತೋರಿಸಿದೆ. ಗುಂಡಿಯನ್ನು ನಾಲ್ಕೈದು ಸಲ ಒತ್ತಿ ನೋಡಿದರು, ಮಗನಿಗೂ ಒಂದು ಬೇಕೆಂದರು. ಅವನೂ ಎಡಗೈಯಲ್ಲಿ ಬರೆಯುವವನಂತೆ.